ಚೊಗರು, ಹಲಸಿನ ಮೇಣ ಮತ್ತು ಲಿಪ್‌ಸ್ಟಿಕ್

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಕಂಡದ್ದು ಒಂದೇ ಪದ: ಪಾಲಿಮರ್. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದುವವರು ಹೆಚ್ಚಾಗಿದ್ದಾರೆ ಅಂತ ಖುಷಿಯಾಯಿತು. ನಾನು 22 ವರ್ಷ ಬೆಂಗಳೂರಿನ ಒಂದು ಕಾಸ್ಮೆಟಿಕ್ಸ್ ಫ್ಯಾಕ್ಟರಿಯ ಲ್ಯಾಬ್‌ನಲ್ಲಿ ಈ ಅಂಟುಗಳ ಜೊತೆಗೇ ಕೆಲಸ ಮಾಡಿದವಳು. ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ತೋಟದ ಕೆಲಸದ ನಡುವೆ ಈ ಉತ್ತರಗಳನ್ನು ಬರೆಯುತ್ತೇನೆ. ಆದ್ದರಿಂದ ಉದಾಹರಣೆಗಳೂ ತೋಟದಿಂದಲೇ ಬರುತ್ತವೆ.

ಪ್ರಶ್ನೆ: ನನ್ನ ಲಿಪ್‌ಸ್ಟಿಕ್, ಮಸ್ಕಾರಾ, ಸನ್‌ಸ್ಕ್ರೀನ್ ಮೂರರ ಹಿಂದೆಯೂ ‘ಕೋಪಾಲಿಮರ್’ ಅಂತ ಬರೆದಿದೆ. ‘ಮುಖಕ್ಕೆ ಪ್ಲಾಸ್ಟಿಕ್ ಬಳ್ಕೊಳ್ತಿದೀಯ’ ಅಂತಾರೆ ನಮ್ಮತ್ತೆ. ಹೌದಾ? ಅದು ಚರ್ಮದ ಒಳಗೆ ಹೋಗುತ್ತಾ?
– ಓದುಗರು, ಹೊಸನಗರ

ಉತ್ತರ: ನಿಮ್ಮತ್ತೆ ಮಾತಿನಲ್ಲಿ ಅರ್ಧ ನಿಜ ಇದೆ. ಪ್ಲಾಸ್ಟಿಕ್ ಚೀಲ ಪಾಲಿಮರ್ರೇ. ಆದರೆ ಹತ್ತಿಯ ನೂಲೂ ಪಾಲಿಮರ್, ಅತ್ತೆಯ ಕಾಟನ್ ಸೀರೆಗೆ ಹಾಕುವ ಗಂಜಿಯೂ ಪಾಲಿಮರ್. ಸಣ್ಣ ಅಣುಗಳು ಕೊಂಡಿಗೆ ಕೊಂಡಿ ಸೇರಿ, ನೂರಾರು ಸಾವಿರಾರು ಸೇರಿ, ಉದ್ದ ಸರವಾದರೆ ಅದಕ್ಕೆ ಪಾಲಿಮರ್ ಅನ್ನುತ್ತೇವೆ. ಎರಡು ಅಥವಾ ಹೆಚ್ಚು ಬಗೆಯ ಅಣುಗಳು ಸೇರಿ ಆದ ಸರಕ್ಕೆ ಕೋಪಾಲಿಮರ್ ಅಂತ ಹೆಸರು. ಇಂಥ ಸರಗಳಲ್ಲಿ ಕೆಲವಕ್ಕೆ ಮೇಲ್ಮೈ ಮೇಲೆ ಪದರ ಕಟ್ಟುವ ಗುಣ ಇರುತ್ತದೆ. ಸೌಂದರ್ಯ ಸಾಧನಗಳಲ್ಲಿ ಇವುಗಳಿಗೆ ಇರುವ ಕೆಲಸ ಅದು.

ಪದರ ಹೇಗೆ ಕಟ್ಟುತ್ತದೆ ಅಂತ ಮಲೆನಾಡಿನವರಿಗೆ ಪುಸ್ತಕದಿಂದ ಹೇಳಬೇಕಾಗಿಲ್ಲ. ಸುಗ್ಗಿಯಲ್ಲಿ ಅಡಿಕೆ ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಕುದಿಸಿದರೆ ಅದು ಗಟ್ಟಿ ಚೊಗರಾಗುತ್ತದಲ್ವಾ? ಅಡಿಕೆಗೆ ಅದನ್ನು ಹಿಡಿಸಿ ಒಣಗಿಸಿದರೆ ಕೆಂಪು ಹೊಳಪು ಬರುತ್ತದೆ. ನೀರು ಆರಿ ಹೋಯಿತು, ಅದರಲ್ಲಿ ಕರಗಿದ್ದದ್ದು ತೆಳ್ಳಗೆ ಅಂಟಿ ಉಳಿಯಿತು. ಲಿಪ್‌ಸ್ಟಿಕ್ಕಿನಲ್ಲಿ, ಹೇರ್ ಸ್ಪ್ರೇಯಲ್ಲಿ ಆಗುವುದೂ ಹೀಗೆಯೇ. ನೀರೋ, ಸ್ಪಿರಿಟ್ಟೋ, ಬೇಗ ಆರುವ ಎಣ್ಣೆಯೋ ಹಾರಿಹೋಗುತ್ತದೆ. ಪಾಲಿಮರ್ ಸರಗಳು ಒಂದಕ್ಕೊಂದು ಸಿಕ್ಕಿಕೊಂಡು, ಬಣ್ಣವನ್ನು ನಡುವೆ ಹಿಡಿದಿಟ್ಟುಕೊಂಡು ಉಳಿಯುತ್ತವೆ.

ಮುಂದಿನ ಸಲ ಚೊಗರು ಕೈಗೆ ಹತ್ತಿದಾಗ ಬೆರಳಿನ ಗೆಣ್ಣು ನೋಡಿ. ಒಣಗಿದ ಮೇಲೆ ಚರ್ಮ ಬಿಗಿಯುತ್ತದೆ. ಮುಷ್ಟಿ ಹಿಡಿದರೆ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ತುಟಿ ಮೇಲಿನ ಪದರ ಹೀಗೆ ಬಿರಿಯಬಾರದು, ನಕ್ಕರೆ ಬಾಗಬೇಕು. ಅದಕ್ಕೆ ಗ್ಲಿಸರಿನ್, ಟ್ರೈಈಥೈಲ್ ಸಿಟ್ರೇಟ್ ಥರದ ಮೆದುಕಾರಕ ಸೇರಿಸುತ್ತಾರೆ. ಜಾಸ್ತಿಯಾದರೆ ಅಂಟಂಟು, ಕಡಿಮೆಯಾದರೆ ಹೊಪ್ಪಳೆ. ಲ್ಯಾಬ್‌ನಲ್ಲಿ ಗಾಜಿನ ಪಟ್ಟಿ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬೆರಳೊತ್ತಿ ನೋಡುವುದರಲ್ಲೇ ನನ್ನ ಎಷ್ಟೋ ಮಧ್ಯಾಹ್ನಗಳು ಕಳೆದಿವೆ.

ಇನ್ನು ಒಳಗೆ ಹೋಗುವ ಮಾತು. ಅಣುವಿನ ತೂಕವನ್ನು ಡಾಲ್ಟನ್ ಲೆಕ್ಕದಲ್ಲಿ ಅಳೆಯುತ್ತಾರೆ. ಆರೋಗ್ಯವಂತ ಚರ್ಮ ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುಗಳನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ ಅಂತ ಚರ್ಮತಜ್ಞರು ಒಂದು ಅಂದಾಜು ಇಟ್ಟುಕೊಂಡಿದ್ದಾರೆ. ನೀರಿನ ಅಣು 18 ಡಾಲ್ಟನ್. ಈ ಪಾಲಿಮರ್‌ಗಳು ಸಾಮಾನ್ಯವಾಗಿ ಸಾವಿರ, ಹತ್ತು ಸಾವಿರ, ಲಕ್ಷದ ಲೆಕ್ಕದವು. ಅವು ಹೊರಗೇ ಕೂರುತ್ತವೆ. ಚರ್ಮದ ಉಸಿರು ಕಟ್ಟುತ್ತದೆ ಅನ್ನುವ ಭಯವೂ ಬೇಡ. ನಾವು ಉಸಿರಾಡುವುದು ಶ್ವಾಸಕೋಶದಿಂದ, ಚರ್ಮಕ್ಕೆ ಬೇಕಾದದ್ದನ್ನು ಬಹುಪಾಲು ರಕ್ತ ತಂದುಕೊಡುತ್ತದೆ.

ನನಗೆ ಚಿಂತೆ ಇದ್ದದ್ದು ಸರದ ಬಗ್ಗೆ ಅಲ್ಲ, ಸರಕ್ಕೆ ಸೇರದೆ ಉಳಿದ ಬಿಡಿ ಕೊಂಡಿಗಳ ಬಗ್ಗೆ. ಅವಕ್ಕೆ ಮೊನೊಮರ್ ಅಂತ ಹೆಸರು. ಅವು ಚಿಕ್ಕವು, ಒಳಗೆ ಹೋಗಬಲ್ಲವು, ಕೆಲವು ಅಲರ್ಜಿ ಹುಟ್ಟಿಸುತ್ತವೆ. ಕಚ್ಚಾಮಾಲಿನ ಡ್ರಮ್ ಬಂದಾಗ ಅದರ ಸರ್ಟಿಫಿಕೇಟ್‌ನಲ್ಲಿ ನಾನು ಮೊದಲು ಹುಡುಕುತ್ತಿದ್ದದ್ದು ‘ಉಳಿದ ಮೊನೊಮರ್ ಎಷ್ಟು ಪಿಪಿಎಂ’, ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ, ಅನ್ನುವ ಸಾಲನ್ನು. ಯುರೋಪಿನ ನಿಯಮ ಎಷ್ಟು ಬಿಗಿ ಅಂದರೆ, ಪಾಲಿಅಕ್ರಿಲಮೈಡ್ ಅನ್ನುವ ಪಾಲಿಮರ್ ಇರುವ, ತೊಳೆಯದೆ ಮೈ ಮೇಲೆ ಬಿಡುವ ಕ್ರೀಮಿನಲ್ಲಿ ಅದರ ಉಳಿದ ಮೊನೊಮರ್, ಅಕ್ರಿಲಮೈಡ್, ಒಂದು ಕಿಲೋಗೆ 0.1 ಮಿಲಿಗ್ರಾಂ ದಾಟಬಾರದು. ಒಳ್ಳೆಯ ತಯಾರಕರು ಇದನ್ನು ನೋಡಿಯೇ ಮಾಲು ಕೊಳ್ಳುತ್ತಾರೆ. ಜಾತ್ರೆ ಅಂಗಡಿಯಲ್ಲಿ 30 ರೂಪಾಯಿಗೆ ಸಿಗುವ, ಹೆಸರು ಅಳಿಸಿದ ಲಿಪ್‌ಸ್ಟಿಕ್ಕಿಗೆ ಯಾರು ನೋಡಿರುತ್ತಾರೆ? ಡಬ್ಬಿ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಪದಾರ್ಥಗಳ ಪಟ್ಟಿ ಇಲ್ಲದಿದ್ದರೆ ಬೇಡವೇ ಬೇಡ. ಅತ್ತೆಗೆ ಈ ಪ್ಯಾರಾ ಓದಿ ಹೇಳಿ.

ಪ್ರಶ್ನೆ: ಮಗ ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದಾಗ ಹೇರ್ ಜೆಲ್ ಚೆನ್ನಾಗಿ ನಿಲ್ಲುತ್ತದಂತೆ. ಮಳೆಗಾಲದಲ್ಲಿ ಆಗುಂಬೆ ಕಡೆಯ ನಮ್ಮ ಮನೆಗೆ ಬಂದರೆ ಅದೇ ಜೆಲ್ ಅಂಟಂಟಾಗಿ ಕೂದಲು ಜೋತು ಬೀಳುತ್ತದೆ. ಡೂಪ್ಲಿಕೇಟ್ ಮಾಲಾ?
– ಒಬ್ಬ ತಾಯಿ

ಉತ್ತರ: ಮಾಲು ಸರಿಯಾಗೇ ಇರಬೇಕು. ಡಬ್ಬಿ ಮೇಲೆ ‘ಪಿವಿಪಿ’ ಅಂತ ಇದೆಯಾ ನೋಡಿ. ಪೂರ್ತಿ ಹೆಸರು ಪಾಲಿವಿನೈಲ್ ಪೈರೋಲಿಡೋನ್. 1930ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಯುದ್ಧದ ಕಾಲದಲ್ಲಿ ರಕ್ತ ಕಳೆದುಕೊಂಡ ಸೈನಿಕರಿಗೆ ಪ್ಲಾಸ್ಮಾದ ಬದಲು ನರಕ್ಕೆ ಕೊಡುತ್ತಿದ್ದರು. ಗಾಯಕ್ಕೆ ಹಚ್ಚುವ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಇದೆಯಲ್ಲ, ಅದರ ಪೊವಿಡೋನ್ ಇದೇ. ಮಾತ್ರೆಯ ಪುಡಿ ಉದುರದಂತೆ ಹಿಡಿದಿಡುವುದಕ್ಕೂ ಬಳಸುತ್ತಾರೆ. ಹೇರ್ ಸ್ಪ್ರೇಗೆ ಮೊದಲು ಅರಗು ಹಾಕುತ್ತಿದ್ದರು, ಚನ್ನಪಟ್ಟಣದ ಬೊಂಬೆಗೆ ಹಾಕುವ ಅರಗೇ. ಅದು ನೀರಲ್ಲಿ ತೊಳೆದು ಹೋಗುತ್ತಿರಲಿಲ್ಲ. 1950ರ ದಶಕದಲ್ಲಿ ಆ ಜಾಗಕ್ಕೆ ಪಿವಿಪಿ ಬಂತು.

ಪಿವಿಪಿಗೆ ನೀರೆಂದರೆ ಪ್ರಾಣ. ಅದರಿಂದಲೇ ತಲೆ ತೊಳೆದರೆ ಸಲೀಸಾಗಿ ಹೋಗುತ್ತದೆ. ಅದರಿಂದಲೇ ನಿಮ್ಮೂರಿನ ಜುಲೈ ಗಾಳಿಯ ತೇವವನ್ನೂ ಹೀರಿಕೊಂಡು ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ಡಬ್ಬ ತೆರೆದಿಟ್ಟ ಹಪ್ಪಳದ ಕಥೆ. ಲ್ಯಾಬ್‌ನಲ್ಲಿ ಇದಕ್ಕೊಂದು ಪರೀಕ್ಷೆ ಮಾಡುತ್ತಿದ್ದೆವು. ಕೂದಲಿನ ಕುಚ್ಚಿಗೆ ಜೆಲ್ ಹಚ್ಚಿ, ಸುರುಳಿ ಸುತ್ತಿ, ಒಣಗಿಸಿ, ನೂರಕ್ಕೆ 90ರಷ್ಟು ತೇವ ಇರುವ ಗಾಜಿನ ಪೆಟ್ಟಿಗೆಯಲ್ಲಿ ಅಳತೆಪಟ್ಟಿಯ ಎದುರು ನೇತುಹಾಕುವುದು. ಗಂಟೆ ಗಂಟೆಗೂ ಸುರುಳಿ ಎಷ್ಟು ಇಳಿಯಿತು ಅಂತ ಬರೆದುಕೊಳ್ಳುವುದು. ಬರೀ ಪಿವಿಪಿ ಹಚ್ಚಿದ ಕುಚ್ಚು ಬೇಗ ಜಾರುತ್ತಿತ್ತು. ನಿಮ್ಮ ಮಗನಿಗೆ ‘ವಿಪಿ/ವಿಎ ಕೋಪಾಲಿಮರ್’ ಇರುವ ಜೆಲ್ ತೆಗೆದುಕೊಳ್ಳಲು ಹೇಳಿ. ಪಿವಿಪಿಯ ಕೊಂಡಿಗಳ (ವಿಪಿ) ಜೊತೆ ವಿನೈಲ್ ಅಸಿಟೇಟ್ (ವಿಎ) ಸೇರಿದ್ದರಿಂದ ಅದು ತೇವ ಕಡಿಮೆ ಹೀರುತ್ತದೆ.

ಸ್ಪ್ರೇ ಆದರೆ ಒಂದು ಎಚ್ಚರಿಕೆ. ಚರ್ಮಕ್ಕೆ ತೊಂದರೆ ಕೊಡದ ಪಾಲಿಮರ್ ಉಸಿರಿನ ಜೊತೆ ಒಳಗೆ ಹೋದರೆ ಲೆಕ್ಕ ಬೇರೆ. 10 ಮೈಕ್ರಾನ್‌ಗಿಂತ ಸಣ್ಣ ಹನಿಗಳು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಕಿಟಕಿ ಮುಚ್ಚಿದ ಬಚ್ಚಲಲ್ಲಿ ನಿಂತು ಹೊಡೆದುಕೊಳ್ಳುವುದು ಬೇಡ. ದಮ್ಮು ಇರುವವರಂತೂ ಜೆಲ್ಲಿಗೇ ನಿಲ್ಲಲಿ.

ಪ್ರಶ್ನೆ: ಅಡಿಕೆ ಒಣಗಿಸುವ ಅಂಗಳದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಕೆಲಸ. ‘ವಾಟರ್ ರೆಸಿಸ್ಟೆಂಟ್’ ಸನ್‌ಸ್ಕ್ರೀನ್ ಬೆವರಿಗೆ ನಿಲ್ಲುತ್ತಾ? ಮುಖ ಕಪ್ಪಾಗುತ್ತಲೇ ಇದೆ.
– ಓದುಗರು, ಸಾಗರ ತಾಲೂಕು

ಉತ್ತರ: ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮೈಲುತುತ್ತು, ಸುಣ್ಣದ ಜೊತೆ ರಾಳದ ಅಂಟು ಸೇರಿಸುವುದು ನೋಡಿರುತ್ತೀರಿ. ಮಳೆಗೆ ಔಷಧಿ ತೊಳೆದುಹೋಗದೆ ಅಡಿಕೆ ಗೊನೆಗೆ ಹಿಡಿದುಕೊಳ್ಳಲಿ ಅಂತ. ಸನ್‌ಸ್ಕ್ರೀನಿನಲ್ಲಿ ಆ ಅಂಟಿನ ಜಾಗದಲ್ಲಿ ‘ವಿಪಿ/ಹೆಕ್ಸಾಡೆಸೀನ್ ಕೋಪಾಲಿಮರ್’ ಅಥವಾ ಅಕ್ರಿಲೇಟ್ಸ್ ಜಾತಿಯದೊಂದು ಇರುತ್ತದೆ. ಬಿಸಿಲು ತಡೆಯುವ ಪದಾರ್ಥ ಬೇರೆ. ಅದನ್ನು ಚರ್ಮದ ಮೇಲೆ ಸಮನಾಗಿ ಹರಡಿ ಹಿಡಿದಿಡುವುದು ಮಾತ್ರ ಈ ಪಾಲಿಮರಿನ ಕೆಲಸ.

ಅಂಟು ಹಾಕಿದರೂ ಮತ್ತೊಂದು ಸಲ ಔಷಧಿ ಹೊಡೆಯಲೇಬೇಕಲ್ಲ, ಇದೂ ಹಾಗೆ. ಅಮೆರಿಕದ ನಿಯಮದಲ್ಲಿ ‘ವಾಟರ್ ರೆಸಿಸ್ಟೆಂಟ್’ ಅಂದರೆ ನೀರಿನಲ್ಲಿ 40 ಅಥವಾ 80 ನಿಮಿಷ ನಿಲ್ಲುತ್ತದೆ ಅಂತ ಅಷ್ಟೇ. ದಿನವಿಡೀ ಅಂತಲ್ಲ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಬೆವರಿಗಿಂತ ಹೆಚ್ಚಾಗಿ ಪದರವನ್ನು ಕೀಳುವುದು ಸೆರಗು. ಬೆವರು ಬಂದ ಕೂಡಲೇ ಸೆರಗಿನಿಂದ ಉಜ್ಜಿ ಒರೆಸುತ್ತೇವೆ, ಪದರವೂ ಬರುತ್ತದೆ. ಒತ್ತಿ ಹೀರಿಸಿಕೊಳ್ಳಿ, ಉಜ್ಜಬೇಡಿ. ಹಚ್ಚಿ ಹದಿನೈದು ನಿಮಿಷ ಬಿಟ್ಟು ಅಂಗಳಕ್ಕೆ ಇಳಿಯಿರಿ, ಪದರ ಕಟ್ಟಲು ಅಷ್ಟು ಹೊತ್ತು ಬೇಕು. ಎಷ್ಟು ಹಚ್ಚಬೇಕು? ಪರೀಕ್ಷೆ ಮಾಡುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ. ಮುಖ, ಕುತ್ತಿಗೆಗೆ ಎರಡು ಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಬೇಕು. ಕಡಲೆಕಾಳಿನಷ್ಟು ಹಚ್ಚಿ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 50 ಅಂದುಕೊಂಡರೆ ಬರುವುದಿಲ್ಲ. ಅಗಲ ಅಂಚಿನ ಟೋಪಿ ಹಾಕಿಕೊಳ್ಳಿ, ತುಂಬು ತೋಳಿನ ಹಳೇ ಅಂಗಿ ತೊಟ್ಟುಕೊಳ್ಳಿ. ಹಣ ಕಡಿಮೆ ಇದ್ದರೆ ಮೊದಲು ಟೋಪಿ, ಆಮೇಲೆ ಕ್ರೀಮು.

ಪ್ರಶ್ನೆ: ತಂಗಿ ಮದುವೆಗೆ ‘24 ಗಂಟೆ’ ಲಿಪ್‌ಸ್ಟಿಕ್, ವಾಟರ್‌ಪ್ರೂಫ್ ಮಸ್ಕಾರಾ ಹಾಕಿದ್ದರು. ರಾತ್ರಿ ಸೋಪು ಹಾಕಿ ಉಜ್ಜಿ ಉಜ್ಜಿ ಕಣ್ಣು ಕೆಂಪಾಯಿತು, ರೆಪ್ಪೆಯ ಕೂದಲೂ ಕಿತ್ತುಬಂತು. ಅದರಲ್ಲಿ ವಿಷ ಇತ್ತಾ?
– ಓದುಗರು, ಭದ್ರಾವತಿ

ಉತ್ತರ: ಪಾಪ, ಆ ಹುಡುಗಿ. ಕಣ್ಣು ಕೆಂಪಾದದ್ದು ಉಜ್ಜಿದ್ದರಿಂದ.

ಹಲಸಿನಹಣ್ಣು ಬಿಡಿಸಿದ ಕೈಯನ್ನು ಯಾರಾದರೂ ನೀರಿನಲ್ಲಿ ತೊಳೆಯುತ್ತಾರಾ? ಮೇಣ ಹೋಗುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಬಿಟ್ಟು, ಒರೆಸುತ್ತೇವೆ. ವಾಟರ್‌ಪ್ರೂಫ್ ಅಂದರೆ ನೀರಿಗೆ ಬಗ್ಗದ ಪದರ. ‘ಟ್ರೈಮೀಥೈಲ್‌ಸಿಲಾಕ್ಸಿಸಿಲಿಕೇಟ್’ ಅನ್ನುವ ಉದ್ದ ಹೆಸರಿನ ಸಿಲಿಕೋನ್ ರಾಳ ಅದರಲ್ಲಿ ಸಾಮಾನ್ಯ. ‘ಐಸೋಡೋಡೆಕೇನ್’ ಅನ್ನುವ ಹಗುರ ಎಣ್ಣೆಯಲ್ಲಿ ಅದನ್ನು ಕರಗಿಸಿರುತ್ತಾರೆ. ಎಣ್ಣೆ ಆರುತ್ತದೆ, ರಾಳ ಕೂರುತ್ತದೆ. ಎಣ್ಣೆಯಿಂದ ಬಂದದ್ದು ಎಣ್ಣೆಗೇ ಬಿಡುತ್ತದೆ. ಹತ್ತಿಗೆ ಎಣ್ಣೆ ಅದ್ದಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಸುಮ್ನೆ ಇಡಿ. ಆಮೇಲೆ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆಯಿರಿ. ಸೋಪಿನ ಸರದಿ ಕೊನೆಗೆ. ಮದುವೆ ಊಟದಲ್ಲಿ ತುಪ್ಪ, ಹೋಳಿಗೆ ತಿಂದವರ ಲಿಪ್‌ಸ್ಟಿಕ್ ಒಳಗಿನ ಅಂಚಿನಿಂದ ಬಿಡುವುದೂ ಇದೇ ಕಾರಣಕ್ಕೆ.

ಮಸ್ಕಾರಾದಲ್ಲಿ ಇನ್ನೊಂದು ಜಾತಿ ಇದೆ, ‘ಟ್ಯೂಬಿಂಗ್’ ಅಂತಾರೆ. ಅಕ್ರಿಲೇಟ್ ಪದರ ಒಂದೊಂದು ರೆಪ್ಪೆ ಕೂದಲಿಗೂ ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಬೆಚ್ಚಗಿನ ನೀರು ಹಾಕಿ ಬೆರಳಲ್ಲಿ ಹಿಡಿದರೆ ಕೊಳವೆ ಕೊಳವೆಯಾಗಿಯೇ ಜಾರಿ ಬರುತ್ತದೆ. ಕಣ್ಣು ಸೂಕ್ಷ್ಮ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕೆಲವು ವಾಟರ್‌ಪ್ರೂಫ್ ಮಾಲುಗಳಲ್ಲಿ ‘ಪಿಟಿಎಫ್‌ಇ’ (ನಾನ್‌ಸ್ಟಿಕ್ ಬಾಣಲೆಯ ಟೆಫ್ಲಾನ್) ಅಥವಾ ಹೆಸರಿನಲ್ಲಿ ‘ಪರ್ಫ್ಲೋರೋ’ ಇರುವ ಪದಾರ್ಥ ಹಾಕುತ್ತಾರೆ. ಈ ಗುಂಪಿನ ರಾಸಾಯನಿಕಗಳು ಮಣ್ಣು, ನೀರಿನಲ್ಲಿ ಬಹಳ ಕಾಲ ನಾಶವಾಗದೆ ಉಳಿಯುತ್ತವೆ. ನ್ಯೂಜಿಲೆಂಡ್ 2026ರ ಕೊನೆಯಿಂದ ಸೌಂದರ್ಯ ಸಾಧನಗಳಲ್ಲಿ ಇವನ್ನು ನಿಷೇಧಿಸಲು ತೀರ್ಮಾನಿಸಿದೆ. ನಾನಂತೂ ಕೊಳ್ಳುವುದಿಲ್ಲ.

ಪ್ರಶ್ನೆ: ಆರು ತಿಂಗಳಿಂದ ಕಣ್ಣಿನ ರೆಪ್ಪೆ ತುರಿಕೆ, ಊತ. ಕಾಡಿಗೆ ಬಿಟ್ಟೆ, ಸೋಪು ಬದಲಿಸಿದೆ. ಕಡಿಮೆಯಾಗಿಲ್ಲ. ಮುಖಕ್ಕೆ ಬೇರೇನೂ ಹಚ್ಚುವುದಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರ ಓದಿ ನನ್ನ ಅಕ್ಕ ನೆನಪಾದಳು. ಅವಳಿಗೂ ಎಂಟು ತಿಂಗಳು ಹೀಗೇ ಆಗಿತ್ತು. ಬೆಳಗ್ಗೆ ಎದ್ದರೆ ಎರಡೂ ರೆಪ್ಪೆ ದಪ್ಪ, ಚರ್ಮ ಸುಕ್ಕುಗಟ್ಟಿ ಒಣಗಿದ ಎಲೆಯಂತೆ. ಒಬ್ಬ ವೈದ್ಯರು ಕಣ್ಣಿಗೆ ಹನಿ ಕೊಟ್ಟರು, ಇನ್ನೊಬ್ಬರು ಧೂಳಿನ ಅಲರ್ಜಿ ಅಂದರು. ಕೊನೆಗೆ ಒಬ್ಬ ಚರ್ಮದ ಡಾಕ್ಟರು ಅವಳ ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿದರು. ಎರಡು ದಿನ ಬಿಟ್ಟು ತೆಗೆದರು, ಮತ್ತೆರಡು ದಿನ ಬಿಟ್ಟು ನೋಡಿದರು. ಒಂದೇ ಒಂದು ಜಾಗ ಕೆಂಪಗೆ ಉಬ್ಬಿತ್ತು. ಅದು ನೇಲ್ ಪಾಲಿಶಿನ ರಾಳ.

ಉಗುರಿಗೆ ಹಚ್ಚಿದ್ದು ರೆಪ್ಪೆಗೆ ಹೇಗೆ ಅಂತೀರಾ? ನಾವು ದಿನಕ್ಕೆ ಎಷ್ಟು ಸಲ ಕಣ್ಣು ಮುಟ್ಟಿಕೊಳ್ಳುತ್ತೇವೆ ಅಂತ ಲೆಕ್ಕವೇ ಇಲ್ಲ. ಉಗುರು ದಪ್ಪ, ಅದಕ್ಕೇನೂ ಆಗುವುದಿಲ್ಲ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಅಲ್ಲಿ ಕಾಣಿಸಿಕೊಳ್ಳುತ್ತದೆ. ಆ ಎಂಟು ತಿಂಗಳು ಅಕ್ಕನ ಕೆಂಪು ಉಗುರು ನನ್ನ ಕಣ್ಣೆದುರೇ ಇತ್ತು. ಇದೇ ರಾಳವನ್ನು ತೂಗಿ ಕರಗಿಸಿದ ಕೈ ನನ್ನದು. ಆದರೂ ಹೊಳೆಯಲಿಲ್ಲ. ಅದಕ್ಕೇ ಇಂಥ ಪತ್ರ ಬಂದಾಗ ಮೊದಲು ಉಗುರಿನ ಬಗ್ಗೆ ಕೇಳುತ್ತೇನೆ.

ನೇಲ್ ಪಾಲಿಶಿನ ಮುಖ್ಯ ಪದರ ನೈಟ್ರೋಸೆಲ್ಯುಲೋಸ್‌ನದು, ಹಿಂದೆ ಕಾರಿನ ಬಣ್ಣಕ್ಕೂ ಅದನ್ನೇ ಹಾಕುತ್ತಿದ್ದರು. ಅದೊಂದೇ ಇದ್ದರೆ ಗರಿಗರಿ, ಹೊಳಪೂ ಕಡಿಮೆ. ಹಿಡಿತಕ್ಕೆ ‘ಟಾಸಿಲಮೈಡ್/ಫಾರ್ಮಾಲ್ಡಿಹೈಡ್ ರೆಸಿನ್’ ಸೇರಿಸುತ್ತಾರೆ, ಅಲರ್ಜಿ ಬರುವುದು ಹೆಚ್ಚಾಗಿ ಇದಕ್ಕೆ. ಬಾಟಲಿ ಮೇಲೆ ‘3-ಫ್ರೀ’ ಅಂತ ಇದ್ದರೆ ಸಾಮಾನ್ಯವಾಗಿ ಟಾಲ್ವೀನ್, ಫಾರ್ಮಾಲ್ಡಿಹೈಡ್, ಡಿಬ್ಯೂಟೈಲ್ ಥ್ಯಾಲೇಟ್ ಇಲ್ಲ ಅಂತ ಅರ್ಥ. ಈ ರಾಳ ಇರಬಹುದು. ಪಟ್ಟಿಯನ್ನೇ ಓದಿ.

ಪಾರ್ಲರಿನಲ್ಲಿ ನೀಲಿ ದೀಪದ ಕೆಳಗೆ ಗಟ್ಟಿ ಮಾಡುವ ಜೆಲ್ ಪಾಲಿಶ್ ಆಗಿದ್ದರೆ ಇನ್ನೂ ಜೋಪಾನ. ಅಲ್ಲಿ ಹಚ್ಚುವುದೇ ಬಿಡಿ ಕೊಂಡಿಗಳನ್ನು, ಅಂದರೆ ಮೊನೊಮರ್‌ಗಳನ್ನು. ದೀಪದ ಬೆಳಕಿನಲ್ಲಿ ಉಗುರಿನ ಮೇಲೆಯೇ ಸರ ಕಟ್ಟುತ್ತದೆ. ಜೆಲ್ ಪಕ್ಕದ ಚರ್ಮಕ್ಕೆ ತಗುಲಿದರೆ, ದೀಪ ಸಾಲದೆ ಹಸಿ ಉಳಿದರೆ, ‘ಹೇಮಾ’ (HEMA) ಥರದ ಅಕ್ರಿಲೇಟ್‌ಗೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜನ್ಮಕ್ಕೆ ಇರುತ್ತದೆ. ಹಲ್ಲಿನ ಫಿಲ್ಲಿಂಗಿಗೆ ಬಳಸುವುದೂ ಇದೇ ಕುಟುಂಬದ ಪದಾರ್ಥ, ಹಾಗಾಗಿ ದಂತವೈದ್ಯರಿಗೂ ಹೇಳಬೇಕಾಗುತ್ತದೆ. ಬೆಳಕಿಗೆ ಸರ ಕಟ್ಟಿಸುವ ‘ಟಿಪಿಒ’ ಅನ್ನುವ ಪದಾರ್ಥವನ್ನು ಯುರೋಪ್ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಮನೆಯಲ್ಲೇ ಮಾಡಿಕೊಳ್ಳುವ ಜೆಲ್ ಕಿಟ್ ಯಾರಿಗೂ ಬೇಡ ಅನ್ನುವುದು ನನ್ನ ಖಚಿತ ಮಾತು.

ನೀವು ಉಗುರಿಗೆ ಬಣ್ಣ ಹಚ್ಚಿದ್ದರೆ ಈವತ್ತೇ ತೆಗೆಸಿ. ನಾಲ್ಕು ವಾರ ಯಾವುದನ್ನೂ ಹಚ್ಚಬೇಡಿ. ಜೊತೆಗೆ ಚರ್ಮದ ವೈದ್ಯರ ಹತ್ತಿರ ‘ಪ್ಯಾಚ್ ಟೆಸ್ಟ್’ ಕೇಳಿ, ಬಾಟಲಿಯನ್ನೂ ತೆಗೆದುಕೊಂಡು ಹೋಗಿ. ಹಾಗೇ ಏನಾಯಿತು ಅಂತ ನನಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಊರಿನ ನಾಟಕಕ್ಕೆ ಗಡ್ಡ ಮೀಸೆ ಅಂಟಿಸಿಕೊಂಡ ಮೇಲೆ ಮೇಲ್ದುಟಿಯ ಚರ್ಮ ಸುಲಿದು ಬಂತು. ಗಮ್ ಕೆಟ್ಟದ್ದಾ?
– ಹವ್ಯಾಸಿ ನಟ, ಸೊರಬ

ಉತ್ತರ: ಸ್ಪಿರಿಟ್ ಗಮ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಮರದ ರಾಳ. ಒಣಗಿದ ಗಡ್ಡವನ್ನು ಹಾಗೇ ಎಳೆದರೆ ಚರ್ಮದ ಮೇಲ್ಪದರವೂ ಜೊತೆಗೆ ಬರುತ್ತದೆ. ಅಂಚಿನಿಂದ ಎಣ್ಣೆ ಬಿಡುತ್ತಾ ಬಿಡುತ್ತಾ ಬಿಡಿಸಿ. ಮರುದಿನ ಅಂಟಿಸಿದ ಜಾಗವೆಲ್ಲಾ ತುರಿಸಿ ಗುಳ್ಳೆ ಎದ್ದಿದ್ದರೆ ಮಾತ್ರ ಅದು ರಾಳದ ಅಲರ್ಜಿ. ಹಾಗಿದ್ದರೆ ಕೊಳೆ ಔಷಧಿಗೆ ರಾಳ ಬೆರೆಸುವಾಗಲೂ ಕೈಗವಸು ಹಾಕಿಕೊಳ್ಳಿ. ನಾಟಕಕ್ಕೆ ವೈದ್ಯಕೀಯ ಬಳಕೆಯ ಸಿಲಿಕೋನ್ ಅಂಟು ಕೇಳಿ ನೋಡಿ, ಬೆಲೆ ಜಾಸ್ತಿ.

ಪ್ರಶ್ನೆ: ತುಟಿಯದ್ದು ಹೊಟ್ಟೆಗೆ ಹೋದರೆ? ತೊಳೆದದ್ದು ತುಂಗೆಗೆ ಹೋದರೆ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಹೊಟ್ಟೆಯ ವಿಷಯಕ್ಕೆ ನಿಶ್ಚಿಂತೆಯಿಂದಿರು ತಂಗಿ. ಪಿವಿಪಿಗೆ ಇ1201, ಅರಗಿಗೆ ಇ904 ಅಂತ ಆಹಾರದಲ್ಲೇ ಬಳಸುವ ನಂಬರ್‌ಗಳಿವೆ. ತುಟಿಯ ಪದರದ ದೊಡ್ಡ ಸರಗಳು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತವೆ.

ತುಂಗೆಯ ವಿಷಯಕ್ಕೆ ಅಷ್ಟು ನಿಶ್ಚಿಂತೆ ನನಗಿಲ್ಲ. ಮೈಗೆ ತೊಂದರೆ ಕೊಡದಷ್ಟು ಗಟ್ಟಿಯಾದ ಸರ ನೀರಿನಲ್ಲೂ ಬೇಗ ಕೊಳೆಯುವುದಿಲ್ಲ. ಯುರೋಪ್ 2023ರಲ್ಲಿ ಮೈಕ್ರೋಪ್ಲಾಸ್ಟಿಕ್ ಕಣಗಳ ಮೇಲೆ ನಿಯಮ ತಂದಿತು. ತುಟಿ, ಉಗುರು, ಮೇಕಪ್ಪಿನ ಸಾಮಾನಿಗೆ 2035ರವರೆಗೆ ಗಡುವು ಕೊಟ್ಟಿದೆ. ನೀರಲ್ಲಿ ಕರಗುವ ಪಾಲಿಮರ್‌ಗಳು ಆ ನಿಯಮದ ಒಳಗೆ ಬರುವುದೇ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ನಿನ್ನ ಕೈಯಲ್ಲಿ ಆಗುವುದು ಇಷ್ಟು: ಎಣ್ಣೆ ಹತ್ತಿಯಲ್ಲಿ ಒರೆಸಿ ಕಸದ ಬುಟ್ಟಿಗೆ ಹಾಕು, ಆಮೇಲೆ ಮುಖ ತೊಳೆ. ಹೊಳೆಯ ಪಾಲಿಗೆ ಅಷ್ಟು ಕಡಿಮೆ.

ಪ್ರಶ್ನೆ: ಇದೆಲ್ಲ ರಗಳೆ ಬೇಡ ಅಂತ ದಾಸವಾಳದ ಎಲೆ ಕಿವುಚಿದ ಗೊಂಪನ್ನೇ (ಲೋಳೆ) ಜೆಲ್ ಥರ ಬಾಟಲಿಗೆ ತುಂಬಿ ಇಟ್ಟುಕೊಂಡಿದ್ದೇನೆ. ಒಳ್ಳೇದಲ್ವಾ?
– ಓದುಗರು, ರಿಪ್ಪನ್‌ಪೇಟೆ

ಉತ್ತರ: ಗೊಂಪು ನನಗೂ ಇಷ್ಟ. ಅದೂ ಪಾಲಿಮರ್ರೇ, ಸಕ್ಕರೆ ಅಣುಗಳ ಸರ. ಕೂದಲಿಗೆ ಹಚ್ಚಿ ಒಣಗಿದರೆ ತೆಳು ಪದರ ಕಟ್ಟಿ ನುಣುಪಾಗಿಸುತ್ತದೆ. ಅಗಸೆ ಬೀಜ ಕುದಿಸಿದ ಲೋಳೆಯೂ ಹಾಗೇ.

ಆದರೆ ಬಾಟಲಿಗೆ ತುಂಬಿಟ್ಟದ್ದು ತಪ್ಪಾಯಿತು. ನಮಗೆ ಒಳ್ಳೆಯದಾದ ಸಕ್ಕರೆಯ ಸರ, ನೀರು, ಮಲೆನಾಡಿನ ಬಚ್ಚಲಿನ ಬಿಸಿ ತೇವ ಮೂರೂ ಸೇರಿದರೆ ಬೂಸ್ಟಿಗೂ ಬ್ಯಾಕ್ಟೀರಿಯಾಕ್ಕೂ ಹಬ್ಬ. ವಾಸನೆ ಬರುವ ಮೊದಲೇ ಕೆಟ್ಟಿರುತ್ತದೆ. ನೆತ್ತಿಯಲ್ಲಿ ಗಾಯ, ಕಜ್ಜಿ ಇದ್ದರೆ ಸೋಂಕಾಗಬಹುದು. ಅಂಗಡಿ ಜೆಲ್ಲಿನಲ್ಲಿ ಕೆಡದಂತೆ ಹಾಕುವ ಪದಾರ್ಥ ಇರುತ್ತದೆ, ನಿಮ್ಮದರಲ್ಲಿ ಇಲ್ಲ. ಬೇಕಾದ ದಿನ ಎಂಟು ಹತ್ತು ಎಲೆ ಕೊಯ್ದು, ನೀರಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಆಗಲೇ ಹಚ್ಚಿ. ಈಗ ಬಾಟಲಿಯಲ್ಲಿ ಇರುವುದನ್ನು ದಾಸವಾಳದ ಬುಡಕ್ಕೇ ಚೆಲ್ಲಿಬಿಡಿ.